ಬೆಳಗಿನ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುತ್ತಿದೆಯೆ?

ಹಿಂದೂಪುರ: ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಇಟ್ಟ ಕೂಡಲೇ ಹಿಮ್ಮಡಿಯಲ್ಲಿ ಮೊಳೆ ಹೊಡೆದಂಥ ನೋವು. ಗೋಡೆ ಹಿಡಿದುಕೊಂಡು, ತುದಿಗಾಲಿನಲ್ಲಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಒಲೆಯ ಮೇಲೆ ಕಾಫಿ ಕುದಿಯುವ ಹೊತ್ತಿಗೆ ಮರೆತೇ ಹೋಗುತ್ತದೆ. ಆದರೆ ಬಸ್ಸಿನಲ್ಲಿ ಒಂದು ಗಂಟೆ ಕೂತು ಇಳಿದು ನೋಡಿ, ಮತ್ತೆ ಅದೇ ಮೊಳೆ! ಸಂಜೆ ಕೆಲಸ ಮುಗಿಸಿ ಮನೆಗೆ ಬರುವಾಗ ಕಾಲು ಎಳೆದುಕೊಂಡು ಬರಬೇಕು.

ಈ ಲಕ್ಷಣ ನಿಮ್ಮದಾಗಿದ್ದರೆ ಗಾಬರಿ ಬೇಡ. ಹಿಮ್ಮಡಿ ನೋವಿನೊಂದಿಗೆ ಆಸ್ಪತ್ರೆಗೆ ಬರುವ ದೊಡ್ಡವರಲ್ಲಿ ಅತಿ ಹೆಚ್ಚು ಜನರಿಗೆ ಇರುವುದು ಇದೇ ತೊಂದರೆ. ಜೀವಮಾನದಲ್ಲಿ ಸುಮಾರು 10 ಜನರಲ್ಲಿ ಒಬ್ಬರನ್ನು ಇದು ಒಮ್ಮೆಯಾದರೂ ಕಾಡುತ್ತದೆ ಎಂಬ ಅಂದಾಜಿದೆ. ಡಾಕ್ಟರು ಚೀಟಿಯಲ್ಲಿ ಬರೆಯುವ ಹೆಸರು ಪ್ಲಾಂಟರ್ ಫ್ಯಾಸಿಯೈಟಿಸ್. ನಮ್ಮ ಗಡಿ ಊರುಗಳಲ್ಲಿ ಇದಕ್ಕೆ ಎರಡು ಭಾಷೆಯಲ್ಲೂ ಹೆಸರಿದೆ. ಕನ್ನಡದ ಮನೆಯಲ್ಲಿ ಹಿಮ್ಮಡಿ ನೋವು, ತೆಲುಗಿನ ಮನೆಯಲ್ಲಿ ಮಡಮ ನೊಪ್ಪಿ. ಆಯುರ್ವೇದದಲ್ಲಿ ಇದಕ್ಕೆ ಹತ್ತಿರದ ವಾತಕಂಟಕ ಎಂಬ ಹೆಸರಿದೆ. ವಾತದ ಮುಳ್ಳು ಎಂದರ್ಥ. ಹೆಜ್ಜೆಯನ್ನು ವಿಷಮವಾಗಿ ಇಡುವುದರಿಂದ ಬರುತ್ತದೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಮುಳ್ಳು ಎಂದು ಹೆಸರಿಟ್ಟವರಿಗೆ ಈ ನೋವು ಸ್ವಂತ ಅನುಭವವೇ ಇದ್ದಿರಬೇಕು!

ನಾನು ವೈದ್ಯನಲ್ಲ, ಬಿ.ಎ. ಓದಿದವನು. ಐವತ್ತು ದಾಟಿದ ಮೇಲೆ ನನಗೂ ಈ ನೋವು ಬಂದು ಎಂಟು ತಿಂಗಳು ಕಾಡಿದ್ದರಿಂದ ಇದರ ಬಗ್ಗೆ ಓದಿದೆ, ವೈದ್ಯರನ್ನು ಕೇಳಿದೆ. ಮೊದಲ ಎರಡು ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ಅದೇ ತಪ್ಪನ್ನು ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ನೂರಾರು ಜನ ಮಾಡುತ್ತಿದ್ದಾರೆ. ಹಾಗಾಗಿ ಈ ಲೇಖನ.

ಅಂಗಾಲಿನಲ್ಲಿ ಇರುವುದೇನು?

ಹಿಮ್ಮಡಿ ಮೂಳೆಯ ತಳದಿಂದ ಹೊರಟು ಐದೂ ಬೆರಳುಗಳ ಬುಡದವರೆಗೆ ಒಂದು ದಪ್ಪನೆಯ, ಬಿಳಿಯ ನಾರಿನ ಪಟ್ಟಿ ಹರಡಿಕೊಂಡಿದೆ. ಕಾಲಿನ ಮೂಳೆಗಳು ಬಿಲ್ಲಿನಂತೆ ಬಾಗಿದ್ದರೆ ಈ ಪಟ್ಟಿ ಆ ಬಿಲ್ಲಿನ ಹೆದೆ. ನಿಮಗೆ ಅನುಮಾನವಿದ್ದರೆ ಈಗಲೇ ನೋಡಿ. ಒಂದು ಕಾಲನ್ನು ಇನ್ನೊಂದರ ಮೊಣಕಾಲ ಮೇಲೆ ಇಟ್ಟುಕೊಂಡು, ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಎಳೆಯಿರಿ. ಅಂಗಾಲಿನ ಒಳಬದಿಯಲ್ಲಿ ಹಗ್ಗದಂತೆ ಒಂದು ಬಿಗಿ ಎದ್ದು ನಿಲ್ಲುತ್ತದೆ. ಅದೇ ಈ ಪಟ್ಟಿ. ನಡೆಯುವಾಗ ಪ್ರತಿ ಹೆಜ್ಜೆಯ ಕೊನೆಗೆ ಬೆರಳು ಮಡಚಿದಾಗಲೆಲ್ಲ ಇದು ಬಾವಿಯ ರಾಟೆಗೆ ಸುತ್ತಿದ ಹಗ್ಗದಂತೆ ಬಿಗಿದು ಕಾಲಿನ ಕಮಾನನ್ನು ಮೇಲೆತ್ತುತ್ತದೆ. ಹಿಕ್ಸ್ ಎಂಬ ವೈದ್ಯ 1954ರಲ್ಲಿ ಇದನ್ನು ವಿವರಿಸಿದರು. ದಿನಕ್ಕೆ ಸಾವಿರಾರು ಹೆಜ್ಜೆ ಎಂದರೆ ಸಾವಿರಾರು ಸಲ ಈ ಎಳೆತ.

ಎಳೆತ ತಡೆಯುವ ಶಕ್ತಿಗಿಂತ ಎಳೆತವೇ ಹೆಚ್ಚಾದಾಗ, ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ ನಾರುಗಳು ಸವೆಯುತ್ತವೆ, ಸಣ್ಣಸಣ್ಣದಾಗಿ ಹರಿಯುತ್ತವೆ, ಪಟ್ಟಿ ಅಲ್ಲಿ ದಪ್ಪಗಾಗುತ್ತದೆ. ಹಿಮ್ಮಡಿಯ ತಳದಲ್ಲಿ, ಸ್ವಲ್ಪ ಒಳಬದಿಗೆ ಹೆಬ್ಬೆರಳಿನಿಂದ ಒತ್ತಿದರೆ ಜೀವ ಹೋದಂತೆ ಆಗುವ ಜಾಗ ಅದೇ.

ಬೆಳಿಗ್ಗೆಯೇ ಏಕೆ ನೋವು? ಮಲಗಿದಾಗ ಪಾದ ಕೆಳಮುಖವಾಗಿ ಇಳಿಬಿದ್ದಿರುತ್ತದೆ. ರಾತ್ರಿಯೆಲ್ಲ ಈ ಪಟ್ಟಿಯೂ ಮೀನಖಂಡವೂ ಗಿಡ್ಡಗಾಗಿ ಬಿಗಿದುಕೊಂಡಿರುತ್ತವೆ. ಮೊದಲ ಹೆಜ್ಜೆಗೆ ಇಡೀ ಮೈಯ ಭಾರ ಬಿದ್ದು ಪಟ್ಟಿ ಒಮ್ಮೆಲೇ ಎಳೆಯುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲಾಗುತ್ತದೆ. ಗಂಟೆಗಟ್ಟಲೆ ಕೂತು ಎದ್ದಾಗಲೂ ಇದೇ ಕಥೆ.

ಹೆಸರಿನ ಕೊನೆಯ 'ಐಟಿಸ್' ಎಂದರೆ ಉರಿಯೂತ. 2003ರಲ್ಲಿ ಅಮೆರಿಕದ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಾದ 50 ಜನರ ಪಟ್ಟಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಉರಿಯೂತವಲ್ಲ, ಸವೆತ. ಇದನ್ನು ನೆನಪಿಟ್ಟುಕೊಳ್ಳಿ. ಉರಿಯೂತಕ್ಕೆ ಕೊಡುವ ಮಾತ್ರೆ, ಇಂಜೆಕ್ಷನ್ ಇಲ್ಲಿ ನಾಲ್ಕು ದಿನ ನೋವು ಮರೆಸಿ ಆಮೇಲೆ ಕೈಕೊಡುವುದು ಏಕೆಂದು ಇದರಿಂದ ಗೊತ್ತಾಗುತ್ತದೆ.

'ಮೂಳೆ ಬೆಳೆದಿದೆ' ಎಂದರೆ...

ಎಕ್ಸ್‌ರೇ ತೆಗೆಸಿದವರಲ್ಲಿ ಅನೇಕರು ಹೇಳುವ ಮಾತು ಇದು. ತೆಲುಗಿನಲ್ಲಿ 'ಎಮುಕ ಪೆರಿಗಿಂದಿ'. ಹಿಮ್ಮಡಿ ಮೂಳೆಯ ತಳದಲ್ಲಿ ಮುಂದಕ್ಕೆ ಚಾಚಿದ ಕೋಳಿಯ ಕಾಲ್ಮುಳ್ಳಿನಂಥ ಚೂಪು ಎಕ್ಸ್‌ರೇಯಲ್ಲಿ ಕಾಣುತ್ತದೆ. ಅದನ್ನು ಕಂಡ ಕೂಡಲೇ, ಈ ಮುಳ್ಳೇ ಒಳಗಿನಿಂದ ಚುಚ್ಚುತ್ತಿದೆ, ಕೊಯ್ದು ತೆಗೆಸಬೇಕು ಎಂದು ಮನೆಯವರೆಲ್ಲ ಹೆದರುತ್ತಾರೆ.

ನಿಜಾಂಶ ಬೇರೆ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಈ ಚೂಪು ಇರುತ್ತದೆ. ನೋವಿರುವ ಎಷ್ಟೋ ಜನರಿಗೆ ಇರುವುದಿಲ್ಲ. ನೋವು ಪೂರ್ತಿ ಹೋದ ಮೇಲೂ ಅದು ಇದ್ದಲ್ಲೇ ಇರುತ್ತದೆ. ಹಾಗಾಗಿ ಅದೊಂದನ್ನೇ ನೋಡಿ ಆಪರೇಷನ್ ಮಾತು ಬಂದರೆ ಇನ್ನೊಬ್ಬ ಮೂಳೆ ವೈದ್ಯರನ್ನು ಕೇಳುವುದು ಒಳ್ಳೆಯದು. ಮಾಮೂಲಿ ಹಿಮ್ಮಡಿ ನೋವನ್ನು ಗುರುತಿಸಲು ಎಕ್ಸ್‌ರೇ ಬೇಕೆಂದೂ ಇಲ್ಲ. ಬೆಳಗಿನ ಮೊದಲ ಹೆಜ್ಜೆಯ ನೋವು, ಒತ್ತಿದರೆ ನೋಯುವ ಆ ಒಂದು ಜಾಗ, ಇಷ್ಟರಿಂದಲೇ ವೈದ್ಯರು ಹೇಳಬಲ್ಲರು.

ಯಾರಿಗೆ ಹೆಚ್ಚು?

ಸಾಮಾನ್ಯವಾಗಿ 40ರಿಂದ 60 ವಯಸ್ಸಿನವರಿಗೆ. 2003ರಲ್ಲಿ ಅಮೆರಿಕದಲ್ಲಿ ರಿಡಲ್ ಮತ್ತು ಸಂಗಡಿಗರು 50 ರೋಗಿಗಳನ್ನು ನೋವಿಲ್ಲದ 100 ಜನರ ಜೊತೆ ಹೋಲಿಸಿ ನೋಡಿದರು. ಮೂರು ಕಾರಣ ಎದ್ದು ಕಂಡವು. ಹೆಚ್ಚಿನ ಮೈತೂಕ, ದಿನದ ಬಹುಪಾಲು ನಿಂತು ಮಾಡುವ ಕೆಲಸ, ಎಲ್ಲಕ್ಕಿಂತ ಮುಖ್ಯವಾಗಿ ಪಾದ ಮೇಲಕ್ಕೆ ಬಾಗದಷ್ಟು ಬಿಗಿದ ಕಣಕಾಲು. ಮೂರನೆಯದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೀನಖಂಡ ಬಿಗಿದಿದ್ದರೆ ಅದರ ಎಳೆತವೆಲ್ಲ ಹಿಮ್ಮಡಿಯ ಮೂಲಕ ಅಂಗಾಲಿನ ಪಟ್ಟಿಗೆ ಬೀಳುತ್ತದೆ. ಹಿಂದಿನ ಕಾಲದವರು ದಿನಕ್ಕೆ ಹತ್ತು ಸಲ ಹಿಮ್ಮಡಿ ಊರಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಈಗ ಅಡುಗೆ ನಿಂತು, ಊಟ ಕುರ್ಚಿಯಲ್ಲಿ. ಮೀನಖಂಡ ಬಿಗಿಯಲು ಇದೂ ಒಂದು ಕಾರಣವಿರಬಹುದು ಎಂಬುದು ನನ್ನ ಅನುಮಾನ ಅಷ್ಟೇ.

ನಮ್ಮ ಕಡೆಯ ಕೆಲಸಗಳನ್ನು ಒಮ್ಮೆ ನೋಡಿ. ತೂಮಕುಂಟ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಮುಂದೆ ಇಡೀ ಪಾಳಿ ಸಿಮೆಂಟು ನೆಲದ ಮೇಲೆ ನಿಲ್ಲುವವರು, ರೇಷ್ಮೆ ನೂಲು ತೆಗೆಯುವವರು, ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮತ್ತು ಚೆಕಿಂಗ್ ಮಾಡುವ ಹೆಣ್ಣುಮಕ್ಕಳು. ಹುಣಸೆಹಣ್ಣಿನ ಕಾಲದಲ್ಲಿ ಗಂಟೆಗಟ್ಟಲೆ ಕೂತು ಬೀಜ ಬಿಡಿಸಿ, ಎದ್ದ ಕೂಡಲೇ ಮೂಟೆ ಎತ್ತುವವರು. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಹೊಲದಲ್ಲಿ ತೆಳು ಹವಾಯಿ ಚಪ್ಪಲಿಯಲ್ಲೋ ಬರಿಗಾಲಿನಲ್ಲೋ ದುಡಿಯುವವರು. ಕುರಿ ಹಿಂದೆ ದಿನವಿಡೀ ನಡೆಯುವವರು. ವರ್ಷವೆಲ್ಲ ಮನೆಯಲ್ಲಿದ್ದು ಬೇಸಿಗೆಯಲ್ಲಿ ಉಪಾಧಿ ಹಾಮೀ ಕೆಲಸಕ್ಕೆ ಒಮ್ಮೆಲೇ ಇಳಿಯುವವರು. ಈ ಕೊನೆಯವರ ಕಷ್ಟವೇ ಬೇರೆ. ಹದಿನೈದು ದಿನದಲ್ಲಿ ಕಾಲಿನ ಮೇಲಿನ ಹೊರೆ ಮೂರುಪಟ್ಟಾದರೆ ಪಟ್ಟಿ ಅದಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ದಿನಗೂಲಿಯವರಿಗೆ 'ವಿಶ್ರಾಂತಿ ತಗೊಳ್ಳಿ' ಎನ್ನುವುದು ಸುಲಭ. ಕೂಲಿ ಯಾರು ಕೊಡುತ್ತಾರೆ? ಅದೃಷ್ಟಕ್ಕೆ ಈ ನೋವಿಗೆ ಪೂರ್ತಿ ವಿಶ್ರಾಂತಿ ಬೇಕಿಲ್ಲ, ಅದು ಒಳ್ಳೆಯದೂ ಅಲ್ಲ. ಹೊರೆಯನ್ನು ಸ್ವಲ್ಪ ಇಳಿಸಿದರೆ ಸಾಕು. ಒಂದೇ ಸಮನೆ ನಾಲ್ಕು ಗಂಟೆ ನಿಲ್ಲುವ ಬದಲು ನಡುವೆ ಐದು ನಿಮಿಷ ಕೂರುವುದು, ನಿಲ್ಲುವ ಜಾಗದಲ್ಲಿ ಹಳೆಯ ರಬ್ಬರ್ ಮ್ಯಾಟ್ ಅಥವಾ ಮಡಚಿದ ಗೋಣಿಚೀಲ ಹಾಕಿಕೊಳ್ಳುವುದು, ಮೂಟೆಯನ್ನು ಎರಡು ಕಂತಿನಲ್ಲಿ ಸಾಗಿಸುವುದು. ಕೆಲಸದ ಮರುದಿನ ಬೆಳಗಿನ ನೋವು ಮೊದಲಿಗಿಂತ ಹೆಚ್ಚಾಗಿದ್ದರೆ ಹಿಂದಿನ ದಿನ ಅತಿಯಾಯಿತು ಎಂದು ತಿಳಿಯಿರಿ. ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಇಂಜೆಕ್ಷನ್ ಹಾಕಿಸಿಕೊಂಡರೆ?

ನಮ್ಮ ಊರುಗಳಲ್ಲಿ ಮೊದಲ ದಾರಿಯೇ ಇದು. ಹತ್ತಿರದ ಆರ್‌ಎಂಪಿ ಬಳಿ ಹೋಗುವುದು, ಸೊಂಟಕ್ಕೊಂದು ಸೂಜಿ, ಹೆಸರಿಲ್ಲದ ಪೊಟ್ಟಣದಲ್ಲಿ ನಾಲ್ಕು ಬಣ್ಣದ ಮಾತ್ರೆ. ನಾನೂ ಹೋಗಿದ್ದೆ. ಮೂರು ದಿನ ಸ್ವರ್ಗ, ನಾಲ್ಕನೇ ದಿನ ಮತ್ತೆ ಗೋಡೆ ಹಿಡಿಯುವ ಕೆಲಸ. ಹೀಗೆ ಆರು ಸಲ ಆದ ಮೇಲೆ ಹೊಟ್ಟೆ ಉರಿ ಶುರುವಾಯಿತು, ಹಿಮ್ಮಡಿ ಮಾತ್ರ ಇದ್ದ ಹಾಗೇ ಇತ್ತು.

ಸೊಂಟಕ್ಕೆ ಕೊಡುವ ಆ ಸೂಜಿ ಸಾಮಾನ್ಯವಾಗಿ ಡೈಕ್ಲೊಫೆನಾಕ್ ಜಾತಿಯದು. ನೋವು ತಗ್ಗಿಸುತ್ತದೆ, ಪಟ್ಟಿಯನ್ನು ರಿಪೇರಿ ಮಾಡುವುದಿಲ್ಲ. ವಾರಗಟ್ಟಲೆ ತೆಗೆದುಕೊಂಡರೆ ಹೊಟ್ಟೆಹುಣ್ಣು, ಕಿಡ್ನಿಗೆ ಏಟು, ಬಿಪಿ ಏರುವುದು ಎಲ್ಲ ಸಾಧ್ಯ. ಬಿಪಿ, ಶುಗರ್, ಕಿಡ್ನಿ, ಹೃದಯದ ತೊಂದರೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಹೆಸರಿಲ್ಲದ ಪೊಟ್ಟಣದಲ್ಲಿ ಸ್ಟೆರಾಯ್ಡ್ ಇದ್ದರೆ ನಿಮಗೆ ಗೊತ್ತಾಗುವುದಾದರೂ ಹೇಗೆ? ತಿನ್ನುವ ಮಾತ್ರೆಯ ಹೆಸರು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಹಿಮ್ಮಡಿಗೇ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಬೇರೆ. ಅದನ್ನು ಮೂಳೆ ವೈದ್ಯರು ಕೊಡುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯ ಪ್ರಕಾರ ಅದರಿಂದ ಸಿಗುವ ಉಪಶಮನ ಸುಮಾರು ಒಂದು ತಿಂಗಳಿನದು, ಅದೂ ಅಲ್ಪ. ಮತ್ತೆಮತ್ತೆ ಚುಚ್ಚಿಸಿಕೊಂಡರೆ ಹಿಮ್ಮಡಿಯ ಕೆಳಗಿನ ಮೆತ್ತನೆಯ ಕೊಬ್ಬು ಕರಗುವ, ಅಪರೂಪಕ್ಕೆ ಪಟ್ಟಿಯೇ ಹರಿಯುವ ಅಪಾಯವಿದೆ. ಬೇರೆ ಉಪಾಯವೆಲ್ಲ ಸೋತು, ನೋವಿನಿಂದ ಕಾಲೇ ಇಡಲಾಗದಾಗ ಒಮ್ಮೆ ಕೊಡುವುದುಂಟು. ಅದನ್ನೇ ಚಿಕಿತ್ಸೆ ಎಂದುಕೊಂಡು ಕೂರಬಾರದು.

ಹಾಸಿಗೆ ಬಿಡುವ ಮೊದಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ನೋವಿಗೆ ನಿಜವಾಗಿ ಕೆಲಸ ಮಾಡುವುದು ಕಾಸು ಖರ್ಚಿಲ್ಲದ ವ್ಯಾಯಾಮ. ಖರ್ಚಿಲ್ಲದ ಕಾರಣಕ್ಕೇ ಜನ ನಂಬುವುದಿಲ್ಲವೇನೋ!

ಬೆಳಿಗ್ಗೆ ಎಚ್ಚರವಾದ ಮೇಲೆ ಕಾಲನ್ನು ನೆಲಕ್ಕೆ ಇಡಬೇಡಿ. ಹಾಸಿಗೆಯ ಮೇಲೇ ಎದ್ದು ಕೂತು, ನೋಯುವ ಕಾಲನ್ನು ಇನ್ನೊಂದು ಕಾಲಿನ ಮೊಣಕಾಲ ಮೇಲೆ ಇಟ್ಟುಕೊಳ್ಳಿ. ಅದೇ ಬದಿಯ ಕೈಯಿಂದ ಬೆರಳುಗಳ ಬುಡವನ್ನು ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿ ನೋಡಿ, ಪಟ್ಟಿ ವೀಣೆಯ ತಂತಿಯಂತೆ ಬಿಗಿದಿರಬೇಕು. ಹತ್ತು ಎಣಿಸಿ ಬಿಡಿ. ಹೀಗೆ ಹತ್ತು ಸಲ. ಎರಡು ನಿಮಿಷದ ಕೆಲಸ. ಮಧ್ಯಾಹ್ನ ಕೂತು ಏಳುವ ಮೊದಲು ಒಮ್ಮೆ, ಸಂಜೆ ಒಮ್ಮೆ. 2003ರಲ್ಲಿ ಡಿಜಿಯೊವಾನಿ ಮತ್ತು ಸಂಗಡಿಗರು ಹತ್ತು ತಿಂಗಳಿಗಿಂತ ಹೆಚ್ಚು ಕಾಲ ನೋವಿದ್ದ 101 ಜನರಿಗೆ ವ್ಯಾಯಾಮ ಮಾಡಿಸಿದರು. ಎಂಟು ವಾರದ ನಂತರ ನೋಡಿದರೆ ಬರೀ ಮೀನಖಂಡ ಎಳೆದವರಿಗಿಂತ ಹೀಗೆ ಬೆರಳು ಎಳೆದವರಿಗೆ ಹೆಚ್ಚು ಗುಣ ಕಂಡಿತ್ತು.

ಎರಡನೆಯದು ಗೋಡೆಯ ವ್ಯಾಯಾಮ. ಗೋಡೆಗೆ ಎರಡೂ ಕೈ ಕೊಟ್ಟು, ನೋಯುವ ಕಾಲನ್ನು ಹಿಂದಿಟ್ಟು, ಮೊಣಕಾಲು ನೇರವಾಗಿ, ಹಿಮ್ಮಡಿ ನೆಲಕ್ಕೆ ಒತ್ತಿಕೊಂಡಿರಲಿ. ಮುಂದಿನ ಕಾಲನ್ನು ಮಡಚಿ ಮುಂದಕ್ಕೆ ವಾಲಿ. ಮೀನಖಂಡ ಎಳೆಯುತ್ತದೆ. ಮೂವತ್ತು ಎಣಿಸಿ, ಮೂರು ಸಲ ಮಾಡಿ.

ನೋವು ಸ್ವಲ್ಪ ಹದಕ್ಕೆ ಬಂದ ಮೇಲೆ ಮೂರನೆಯದು, ಶಕ್ತಿ ಕಟ್ಟುವ ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ, ಬೆರಳುಗಳ ಕೆಳಗೆ ಟವಲ್ ಸುರುಳಿ ಇಟ್ಟು, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನವಾಗಿ ಮೇಲೆತ್ತಬೇಕು. ಮೂರು ಎಣಿಕೆಗೆ ಮೇಲೆ, ಎರಡು ಎಣಿಕೆ ಅಲ್ಲೇ, ಮೂರು ಎಣಿಕೆಗೆ ಕೆಳಗೆ. ಹನ್ನೆರಡು ಸಲ ಮಾಡಿ ಸುಧಾರಿಸಿಕೊಂಡು ಮತ್ತೆ ಹನ್ನೆರಡು, ಹೀಗೆ ಮೂರು ಸುತ್ತು. ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಿನಲ್ಲಿ ಶುರುಮಾಡಿ, ಆಮೇಲೆ ಒಂದೇ ಕಾಲಿನಲ್ಲಿ. ಡೆನ್ಮಾರ್ಕಿನ ರಾಥ್ಲೆಫ್ 48 ಜನರ ಮೇಲೆ ಮಾಡಿದ ಈ ಅಧ್ಯಯನ 2014ರಲ್ಲಿ ಹೊರಬಂತು. ಮೂರು ತಿಂಗಳಲ್ಲಿ ಈ ವ್ಯಾಯಾಮದವರು ಬರೀ ಎಳೆದವರಿಗಿಂತ ಮುಂದಿದ್ದರು, ವರ್ಷದ ಕೊನೆಗೆ ಇಬ್ಬರೂ ಸಮ. ಅಂದರೆ ಯಾವುದು ನಿಮ್ಮಿಂದ ತಪ್ಪದೆ ಆಗುತ್ತದೋ ಅದನ್ನು ಮಾಡಿ. ವಯಸ್ಸಾಗಿ ತೂಕ ತಪ್ಪುವವರು ಮೆಟ್ಟಿಲಿನ ಅಂಚು ಬಿಟ್ಟು ನೆಲದ ಮೇಲೇ ಮಾಡಲಿ.

ವ್ಯಾಯಾಮಕ್ಕೆ ಫಲ ವಾರದಲ್ಲಿ ಕಾಣುವುದಿಲ್ಲ. ನನಗೆ ಮೊದಲ ಬದಲಾವಣೆ ಗೊತ್ತಾದದ್ದು ಐದನೇ ವಾರದಲ್ಲಿ. ಸುಮಾರು 10 ಜನರಲ್ಲಿ 8 ಜನರಿಗೆ ವರ್ಷದೊಳಗೆ ಗುಣವಾಗುತ್ತದೆ, ಆದರೆ ಅದು ತಿಂಗಳುಗಳ ಲೆಕ್ಕ. ಎರಡನೇ ವಾರ ಬಿಟ್ಟುಬಿಡುವವರೇ ಹೆಚ್ಚು.

ಚಪ್ಪಲಿ ವಿಚಾರ

ಸವೆದು ಹಪ್ಪಳವಾದ ಹವಾಯಿ ಚಪ್ಪಲಿ ಮೊದಲು ಬಿಡಿ. ಹಿಮ್ಮಡಿಯ ಕೆಳಗೆ ಬೆರಳು ದಪ್ಪದ ಮೆತ್ತೆ, ನಡುವೆ ಕಮಾನಿಗೆ ಆಸರೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಎಂಸಿಆರ್ ಎಂದು ಕೇಳಿದರೆ ಮೆತ್ತನೆಯ ರಬ್ಬರಿನ ಚಪ್ಪಲಿ ಕೊಡುತ್ತಾರೆ. ಮನೆಯೊಳಗೂ, ಟೈಲ್ಸ್ ಮತ್ತು ಬಂಡೆ ನೆಲದ ಮೇಲೆ, ಅದನ್ನೇ ಹಾಕಿಕೊಳ್ಳಿ. ಅಡುಗೆಮನೆಗೆ ಚಪ್ಪಲಿ ತರುವುದಕ್ಕೆ ಮನೆಯ ಹಿರಿಯರು ಒಪ್ಪದಿದ್ದರೆ ಒಂದು ಜೊತೆ ಹೊಸದನ್ನು ಒಳಗಿನ ಬಳಕೆಗೇ ಬೇರೆ ಇಡಿ, ಜಗಳ ತಪ್ಪುತ್ತದೆ. ಲೇಪಾಕ್ಷಿಯಂಥ ಕಲ್ಲುಹಾಸಿನ ದೇವಸ್ಥಾನಕ್ಕೆ ಹೋದಾಗ ನೋವಿರುವಷ್ಟು ದಿನ ಪ್ರದಕ್ಷಿಣೆ ಒಂದಕ್ಕೇ ನಿಲ್ಲಿಸಿದರೆ ಸ್ವಾಮಿ ಬೇಸರ ಮಾಡಿಕೊಳ್ಳಲಾರ.

ಸಾವಿರಾರು ರೂಪಾಯಿ ಕೊಟ್ಟು ಅಳತೆ ಕೊಟ್ಟು ಮಾಡಿಸುವ ಅಟ್ಟೆ ಬೇಕೇ? 2006ರಲ್ಲಿ ಆಸ್ಟ್ರೇಲಿಯಾದಲ್ಲಿ 135 ಜನರಲ್ಲಿ ಹೋಲಿಸಿ ನೋಡಿದಾಗ ಸಿದ್ಧ ಅಟ್ಟೆಗೂ ಮಾಡಿಸಿದ ಅಟ್ಟೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯ ಸಿದ್ಧ ಅಟ್ಟೆಯೇ ಸಾಕು.

ಎಕ್ಕದ ಎಲೆ, ಬಿಸಿ ಇಟ್ಟಿಗೆ

ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತುವುದು ನಮ್ಮ ಅಜ್ಜಿಯರ ಔಷಧಿ. ತೆಲುಗಿನವರ ಜಿಲ್ಲೇಡು ಆಕು. ಶಾಖದಿಂದ ಆ ಹೊತ್ತಿಗೆ ಹಾಯೆನಿಸುವುದು ನಿಜ, ಅದನ್ನು ಹೀಗಳೆಯುವುದಿಲ್ಲ. ಎರಡು ಎಚ್ಚರಿಕೆ ಮಾತ್ರ ಇರಲಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣಿಗೇ ಅಪಾಯ, ಕೈ ತೊಳೆಯದೆ ಕಣ್ಣು ಉಜ್ಜಬೇಡಿ. ಇನ್ನು ಶುಗರ್ ಇರುವವರು ಇದನ್ನು ಮಾಡಲೇಬಾರದು. ಎಷ್ಟೋ ವರ್ಷ ಶುಗರ್ ಇದ್ದವರ ಅಂಗಾಲಿಗೆ ಸ್ಪರ್ಶ ಕಡಿಮೆಯಾಗಿರುತ್ತದೆ. ಸುಟ್ಟದ್ದು ಗೊತ್ತಾಗುವುದಿಲ್ಲ, ಬೊಕ್ಕೆ ಹುಣ್ಣಾಗುತ್ತದೆ, ಹುಣ್ಣು ಕಾಲನ್ನೇ ತೆಗೆಯುವವರೆಗೆ ಹೋದ ಉದಾಹರಣೆಗಳಿವೆ. ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ, ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸಿದರೂ ಸಂಜೆಯ ನೋವು ತಗ್ಗುತ್ತದೆ. ಸ್ಪರ್ಶ ಕಡಿಮೆ ಇರುವವರಿಗೆ ಇದೂ ಬೇಡ.

ಇದು ಬೇರೆಯೇ ಇರಬಹುದು

ಹಿಮ್ಮಡಿ ನೋವೆಲ್ಲ ಪ್ಲಾಂಟರ್ ಫ್ಯಾಸಿಯೈಟಿಸ್ ಅಲ್ಲ. ಹುಣಸೆಮರದಿಂದಲೋ ಮಾಳಿಗೆಯಿಂದಲೋ ಬಿದ್ದು ಹಿಮ್ಮಡಿ ಊರಿ, ಆಮೇಲೆ ಕಾಲಿಡಲು ಆಗದಿದ್ದರೆ ಅದು ಹಿಮ್ಮಡಿ ಮೂಳೆ ಮುರಿತವಿರಬಹುದು. ಹೀಗೆ ಬಿದ್ದವರಲ್ಲಿ ಕೆಲವರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಎಣ್ಣೆ ಹಚ್ಚಿ ತಿಕ್ಕಿಸದೆ, ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ.

ಹಿಮ್ಮಡಿ ಕೆಂಪಾಗಿ ಊದಿ ಜ್ವರ ಬಂದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಅಂಗಾಲು ಜೋಮು ಹಿಡಿದರೆ ಅಥವಾ ಉರಿದರೆ, ಶುಗರ್ ಇರುವವರ ಕಾಲಲ್ಲಿ ಗಾಯ ಕಂಡರೆ ತಡ ಮಾಡಬೇಡಿ. ಇಪ್ಪತ್ತು, ಮೂವತ್ತರ ಹುಡುಗರಿಗೆ ಎರಡೂ ಹಿಮ್ಮಡಿ ನೋಯುತ್ತ, ಬೆಳಿಗ್ಗೆ ಸೊಂಟವೂ ಅರ್ಧ ಗಂಟೆಗಿಂತ ಹೆಚ್ಚು ಹಿಡಿದುಕೊಂಡಿದ್ದರೆ ಅದು ಬೆನ್ನುಮೂಳೆಯ ವಾತರೋಗದ ಆರಂಭವಿರಬಹುದು. ಅದಕ್ಕೆ ರಕ್ತಪರೀಕ್ಷೆ, ಬೇರೆ ಔಷಧಿ ಬೇಕು. ಅನಂತಪುರದ ಹಲವು ಊರುಗಳಲ್ಲೂ ಪಕ್ಕದ ಪಾವಗಡದಲ್ಲೂ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕತ್ತು, ಬೆನ್ನು, ಮಂಡಿ ಎಲ್ಲ ಬಿಗಿದುಕೊಂಡು ಜೊತೆಗೆ ಹಿಮ್ಮಡಿಯೂ ನೋಯುವವರು ತಾವು ಕುಡಿಯುವ ನೀರು ಯಾವುದೆಂದು ವೈದ್ಯರಿಗೆ ತಿಳಿಸಲಿ.

ಆಟವಾಡುವ ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳ ಹಿಮ್ಮಡಿ ನೋವು ಸಾಮಾನ್ಯವಾಗಿ ಬೆಳೆಯುವ ಮೂಳೆಗೆ ಸಂಬಂಧಿಸಿದ್ದು, ಇದಲ್ಲ.

ಆರು ವಾರ ತಪ್ಪದೆ ವ್ಯಾಯಾಮ ಮಾಡಿಯೂ ನೋವು ಒಂದಿಷ್ಟೂ ಇಳಿಯದಿದ್ದರೆ ಮೂಳೆ ವೈದ್ಯರ ಬಳಿ ಹೋಗಿ. ಹಿಂದೂಪುರದ ಸರ್ಕಾರಿ ಜಿಲ್ಲಾ ಆಸ್ಪತ್ರೆ ನಮಗೆ ಹತ್ತಿರ. ಕಲ್ಯಾಣದುರ್ಗದ ಕಡೆಯವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆ, ಇಲ್ಲವೇ ಅನಂತಪುರ. ಅಗತ್ಯ ಬಿದ್ದರೆ ಬೆಂಗಳೂರಿನ ಜಯನಗರದಲ್ಲಿ ಮೂಳೆಗೆಂದೇ ಇರುವ ಸಂಜಯ್ ಗಾಂಧಿ ಆಸ್ಪತ್ರೆಯಿದೆ. ರಾತ್ರಿ ಪಾದವನ್ನು ನೇರ ಹಿಡಿದಿಡುವ ಪಟ್ಟಿ, ಶಾಕ್‌ವೇವ್ ಚಿಕಿತ್ಸೆ ಮುಂತಾದವು ಆಮೇಲಿನ ಮಾತು. ಆಪರೇಷನ್ ತೀರಾ ಕೊನೆಯದು, ಬಹಳ ಕಡಿಮೆ ಜನರಿಗೆ ಬೇಕಾಗುತ್ತದೆ.

ಓಪಿಯಲ್ಲಿ ಡಾಕ್ಟರಿಗೆ ನಿಮ್ಮನ್ನು ನೋಡಲು ಸಿಗುವುದು ಎರಡು ನಿಮಿಷ. 'ಕಾಳ್ಳು ನೊಪ್ಪಿ ಸಾರ್' ಎಂದಷ್ಟೇ ಹೇಳಿದರೆ ಮಂಡಿನೋವೆಂದುಕೊಂಡು ಮಾತ್ರೆ ಬರೆದಾರು. ಪೊದ್ದುನ್ನೇ ಮೊದಟಿ ಅಡುಗುಕು ಮಡಮ ನೊಪ್ಪಿ ಎನ್ನಿ, ನೋಯುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಿ, ಶುಗರ್, ಬಿಪಿ ಇದ್ದರೆ ಕೇಳುವ ಮೊದಲೇ ಹೇಳಿ. ಈವರೆಗೆ ತಿಂದ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ನಿತ್ಯ ಹಾಕುವ ಚಪ್ಪಲಿಯನ್ನೂ ಜೊತೆಗೆ ಒಯ್ಯಿರಿ. ಹಬ್ಬಕ್ಕೆ ತೆಗೆದ ಹೊಸ ಜೋಡಲ್ಲ, ಆ ಸವೆದದ್ದನ್ನೇ.